ಕ್ಯಾಬ್ ಕ್ಯಾಲೊವೇಯ ವಾದ್ಯವೃಂದವೂ ಬೆಟ್ಟಿ ಬೂಪಳ ಹಾಸ್ಯಚಿತ್ರಗಳೂ

ಕಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಹಾಕೃತಿಗಳನ್ನೇ ಎಣಿಕೆಗೆ ತೆಗೆದುಕೊಳ್ಳುವರು. ಮುಖ್ಯ ಚಿತ್ರವು ಮೊದಲಾಗುವವರೆಗೆ ಜನರು ನಕ್ಕು ಹೊತ್ತು ಕಳೆಯಲೆಂದು ಮಾಡಿದ ಚಿಕ್ಕ ಚಿತ್ರಗಳನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದು ಕಾಲದ ಜನರು ಏನನ್ನು ನೋಡಿ ನಕ್ಕರು, ಯಾರನ್ನು ನೋಡಿ ನಕ್ಕರು, ನಗಿಸಿದವನಿಗೆ ಎಂತಹ ಸ್ಥಾನವನ್ನು ಕೊಟ್ಟರು ಎಂಬುದರಿಂದ ಆ ಕಾಲದ ಮನೋಧರ್ಮವು ತಿಳಿಯುವಷ್ಟು ಸ್ಪಷ್ಟವಾಗಿ ಅದರ ಗಂಭೀರ ಗ್ರಂಥಗಳಿಂದಲೂ ತಿಳಿಯಲಾರದು. ಕ್ರಿ. ಶ. 1932 ಮತ್ತು 1933ನೆಯ ಇಸವಿಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಿದ್ಧವಾದ ಮೂರು ಕಾರ್ಟೂನು ಚಿತ್ರಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ. ಒಂದೊಂದೂ ಏಳೆಂಟು ನಿಮಿಷಗಳ ಅಳತೆಯವು. ಮೂರರಲ್ಲಿಯೂ ಬೆಟ್ಟಿ ಬೂಪ್ ಎಂಬ ಗೆರೆಯ ಹೆಣ್ಣೇ ನಾಯಿಕೆ. ಮೂರರಲ್ಲಿಯೂ ಹಾಡಿದವನು ಕ್ಯಾಬ್ ಕ್ಯಾಲೊವೇ ಎಂಬ ನಿಜವಾದ ಗಾಯಕ. ಆತನ ಕಂಠವೂ ಆತನ ಕಾಲಿನ ನಡೆಯೂ ಈ ಚಿತ್ರಗಳಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಉಳಿದುಬಂದಿವೆ. ಆದರೆ ಆತನ ಮುಖವು ಮಾತ್ರ ಬೇರೆಯದಾಗಿ ಹೋಗಿದೆ. ಈ ಉಳಿವು ಅಳಿವುಗಳ ಕಥೆಯು ಆ ದೇಶದ ಕಪ್ಪು ಜನಾಂಗದ ಕಲಾವಿದರಿಗೆ ಆ ಕಾಲದಲ್ಲಿ ದೊರೆತ ಮನ್ನಣೆಯ ಕಥೆಯೂ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ವಿಚಾರಿಸತಕ್ಕದ್ದಾಗಿದೆ.

ಮೊದಲು ಚಿತ್ರಗಳನ್ನು ಮಾಡಿದವರ ವಿಷಯ. ಮ್ಯಾಕ್ಸ್ ಫ್ಲೈಶರನು 1883ರಲ್ಲಿ ಪೋಲೆಂಡಿನ ಕ್ರಾಕೋ ಪಟ್ಟಣದಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದವನು. ಪತ್ರಿಕೆಗಳಲ್ಲಿ ಚಿತ್ರಗಾರನಾಗಿದ್ದ ಈತನಿಗೆ ಚಿತ್ರಕಲೆಯಲ್ಲಿ ಎಷ್ಟು ಆಸಕ್ತಿಯಿದ್ದಿತೋ ಯಂತ್ರಗಳಲ್ಲಿಯೂ ಅಷ್ಟೇ ಆಸಕ್ತಿಯಿದ್ದಿತು. ಕೈಯಿಂದ ಬರೆದ ಬೊಂಬೆಗಳು ತೆರೆಯ ಮೇಲೆ ತಡವರಿಸಿ ಕುಪ್ಪಳಿಸುವುದನ್ನು ನೋಡಿ ಆತನು ಒಂದು ಉಪಾಯವನ್ನು ಹುಡುಕಿದನು. ಮನುಷ್ಯನೊಬ್ಬನು ನಡೆದಾಡುವುದನ್ನು ಮೊದಲು ಚಲಚ್ಚಿತ್ರವಾಗಿ ತೆಗೆಯುವುದು. ಆ ಸುರುಳಿಯ ಒಂದೊಂದೇ ಚೌಕಟ್ಟನ್ನು ಹಿಂದಿನಿಂದ ಬೆಳಕು ಬಿಟ್ಟು ಗಾಜಿನ ಹಲಗೆಯ ಮೇಲೆ ಮೂಡಿಸುವುದು. ಗಾಜಿನ ಮೇಲೆ ಕಾಗದವನ್ನಿಟ್ಟು ಮೂಡಿದ ಆಕೃತಿಯ ಮೇಲೆಯೇ ಗೆರೆ ಎಳೆಯುವುದು. ಹೀಗೆ ಬರೆದ ಹಾಳೆಗಳನ್ನು ಕ್ರಮವಾಗಿ ತೆಗೆದ ಚಿತ್ರದಲ್ಲಿ ಗೆರೆಯ ಬೊಂಬೆಯು ನಿಜವಾದ ಮನುಷ್ಯನ ಚಲನೆಯನ್ನೇ ಪಡೆಯುವುದು. ರೋಟೋಸ್ಕೋಪೆಂಬ ಈ ಉಪಕರಣಕ್ಕಾಗಿ ಆತನು 1915ರಲ್ಲಿ ಅರ್ಜಿ ಕೊಟ್ಟು 1917ರಲ್ಲಿ ಹಕ್ಕುಪತ್ರವನ್ನು ಪಡೆದನು. ತಮ್ಮನಾದ ಡೇವ್ ಫ್ಲೈಶರನು ವಿದೂಷಕನ ಉಡುಪನ್ನು ತೊಟ್ಟು ಕ್ಯಾಮರಾದ ಮುಂದೆ ಕುಣಿದನು. ಆ ಕುಣಿತದ ಮೇಲೆ ಗೆರೆ ಎಳೆದಾಗ ಕೋಕೋ ಎಂಬ ವಿದೂಷಕನ ಬೊಂಬೆಯು ಜನಿಸಿತು.

ಈ ಸೋದರರಿಗೆ ಸಂಗೀತದ ಮೇಲೆಯೂ ವಿಶೇಷವಾದ ಒಲವಿದ್ದಿತು. ಮಾತಿನ ಚಿತ್ರಗಳು ಎಲ್ಲೆಡೆ ಹಬ್ಬುವುದಕ್ಕೆ ಮೊದಲೇ, 1924ರಿಂದ, ಅವರು ಹಾಡಿನ ಚಿತ್ರಗಳನ್ನು ಮಾಡತೊಡಗಿದರು. ತೆರೆಯ ಮೇಲೆ ಹಾಡಿನ ಸಾಲು ಕಾಣುತ್ತಿದ್ದಿತು. ಒಂದು ಚೆಂಡು ಅಕ್ಷರದಿಂದ ಅಕ್ಷರಕ್ಕೆ ಪುಟಿಯುತ್ತ ತಾಳವನ್ನು ತೋರಿಸುತ್ತಿದ್ದಿತು. ಪ್ರೇಕ್ಷಕರೆಲ್ಲರೂ ಒಟ್ಟಾಗಿ ಹಾಡುತ್ತಿದ್ದರು. ಚಿತ್ರವೂ ಗಾನವೂ ಒಂದೇ ತಾಳಕ್ಕೆ ನಡೆಯಬೇಕೆಂಬ ಅಭ್ಯಾಸವು ಅವರ ಕಾರ್ಯಾಲಯಕ್ಕೆ ಹೀಗೆ ಬಹು ಮೊದಲೇ ಅಂಟಿಕೊಂಡಿತು. 1930ರ ಆಗಸ್ಟ್ ತಿಂಗಳಲ್ಲಿ ಬೆಟ್ಟಿ ಬೂಪಳು ಮೊದಲ ಬಾರಿಗೆ ತೆರೆಯ ಮೇಲೆ ಬಂದಳು. ಆಗ ಆಕೆಗೆ ನಾಯಿಯ ಜೋಲುಕಿವಿಗಳಿದ್ದವು. ಗ್ರಿಮ್ ನ್ಯಾಟ್ವಿಕ್ ಎಂಬ ಚಿತ್ರಗಾರನು ಆಕೆಯನ್ನು ರೂಪಿಸಿದ್ದನು. 1932ರ ವೇಳೆಗೆ ಆ ಕಿವಿಗಳು ಕಿವಿಯ ಬಳೆಗಳಾಗಿ ಮಾರ್ಪಟ್ಟು, ಆಕೆಯು ಪೂರ್ಣವಾಗಿ ಮಾನವಸ್ತ್ರೀಯಾದಳು. ದೊಡ್ಡ ತಲೆ, ದುಂಡು ಕಣ್ಣು, ಗುಂಗುರು ಮುಂಗುರುಳು, ಎಳೆಯ ಮಗುವಿನಂತಹ ದನಿ; ಇವುಗಳಿಂದ ಆಕೆಯು ಕೆಲಕಾಲದಲ್ಲಿಯೇ ದೇಶವೆಲ್ಲ ಬಲ್ಲ ಹಾಸ್ಯನಾಯಿಕೆಯಾದಳು.

ಇನ್ನು ಗಾಯಕನ ವಿಷಯ. ಕ್ಯಾಬ್ ಕ್ಯಾಲೊವೇಯು 1907ರ ಡಿಸೆಂಬರ್ 25ರಂದು ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ ಹುಟ್ಟಿ ಬಾಲ್ಟಿಮೋರಿನಲ್ಲಿ ಬೆಳೆದನು. ಮಗನು ವಕೀಲನಾಗಬೇಕೆಂಬುದು ಮನೆಯವರ ಬಯಕೆಯಾಗಿದ್ದಿತು. ಆದರೆ ಆತನ ಅಕ್ಕ ಬ್ಲಾಂಚ್ ಕ್ಯಾಲೊವೇಯು ಆಗಲೇ ಹೆಸರಾಂತ ಗಾಯಕಿಯಾಗಿದ್ದು, ಮುಂದೆ ಗಂಡಸರ ವಾದ್ಯವೃಂದವೊಂದನ್ನು ತಾನೇ ಮುನ್ನಡೆಸುವಷ್ಟು ಸಮರ್ಥಳಾಗಿದ್ದಳು. ತಮ್ಮನ ಮನಸ್ಸು ನ್ಯಾಯಶಾಸ್ತ್ರಕ್ಕಿಂತ ಆಕೆಯ ದಾರಿಗೇ ಒಲಿಯಿತು. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಭಾಗದಲ್ಲಿ ಕಾಟನ್ ಕ್ಲಬ್ಬೆಂಬ ನೃತ್ಯಶಾಲೆಯೊಂದಿದ್ದಿತು. ಅಲ್ಲಿ ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದವು 1927ರಿಂದ ನುಡಿಸುತ್ತಿದ್ದಿತು. ಅದು ಸಂಚಾರಕ್ಕೆ ಹೊರಟಾಗ ಅದರ ಎಡೆಯಲ್ಲಿ ನಿಲ್ಲುವ ಅವಕಾಶವು ಕ್ಯಾಲೊವೇಯ ತಂಡಕ್ಕೆ ದೊರೆತು, 1931ರಲ್ಲಿ ಅದೇ ಅಲ್ಲಿಯ ಮುಖ್ಯ ವಾದ್ಯವೃಂದವಾಯಿತು. ರೇಡಿಯೋದ ಮೂಲಕ ಅಲ್ಲಿಯ ಸಂಗೀತವು ದೇಶದ ಮೂಲೆಮೂಲೆಗೂ ತಲುಪುತ್ತಿದ್ದಿತು.

ಕಾಟನ್ ಕ್ಲಬ್ಬಿನ ಒಂದು ನಿಯಮವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಆ ಶಾಲೆಯು ಇದ್ದದ್ದು ಕಪ್ಪು ಜನಾಂಗದವರ ವಾಸಸ್ಥಾನದ ನಡುವೆ. ಹಾಡುವವರೂ, ಕುಣಿಯುವವರೂ, ಊಟ ಬಡಿಸುವವರೂ ಆ ಜನಾಂಗದವರೇ. ಆದರೆ ಕುಳಿತು ನೋಡುವ ಹಕ್ಕು ಬಿಳಿಯರಿಗೆ ಮಾತ್ರ. ಒಡೆಯನಾದ ಓನಿ ಮ್ಯಾಡನನು ಕಳ್ಳಮದ್ಯದ ವ್ಯಾಪಾರದಲ್ಲಿ ಕುಖ್ಯಾತನಾದ ಬಿಳಿಯನು. ರಂಗದ ಅಲಂಕಾರವೂ ದಕ್ಷಿಣದ ಸಂಸ್ಥಾನಗಳಲ್ಲಿ ಗುಲಾಮರು ದುಡಿಯುತ್ತಿದ್ದ ಹತ್ತಿಯ ತೋಟಗಳನ್ನು ನೆನಪಿಗೆ ತರುವಂತೆ ಇದ್ದಿತು. ಹೀಗಾಗಿ ಕ್ಯಾಲೊವೇಯು ಯಾವ ವೇದಿಕೆಯಲ್ಲಿ ರಾಜನಂತೆ ಮೆರೆಯುತ್ತಿದ್ದನೋ ಆ ವೇದಿಕೆಯ ಮುಂದಿನ ಮೇಜುಗಳಲ್ಲಿ ಆತನ ನೆರೆಹೊರೆಯವರಿಗೆ ಎಡೆಯಿರಲಿಲ್ಲ. ವಿದ್ಯೆಗೆ ಪ್ರವೇಶ, ವಿದ್ಯಾವಂತನ ಬಂಧುಗಳಿಗೆ ನಿಷೇಧ. ಇದೇ ಆ ಕಾಲದ ನೀತಿಯಾಗಿದ್ದಿತು.

ಆತನಿಗೆ ಹೆಸರು ತಂದ ಹಾಡು 1931ರ ಮಾರ್ಚ್ ತಿಂಗಳಲ್ಲಿ ಮುದ್ರಿತವಾದ ‘ಮಿನ್ನಿ ದ ಮೂಚರ್’. ಮಿನ್ನಿಯೆಂಬ ಹೆಣ್ಣು ಕೆಟ್ಟ ಸಹವಾಸಕ್ಕೆ ಬಿದ್ದು, ಅಫೀಮಿನ ಚಟಕ್ಕೆ ಸಿಕ್ಕಿ, ಐಶ್ವರ್ಯದ ಕನಸು ಕಾಣುವ ಕಥೆಯನ್ನು ಅದು ಹಾರ್ಲೆಮಿನ ಬೀದಿಯ ಮಾತಿನಲ್ಲಿ ಹೇಳುವುದು. ಅದಕ್ಕೂ ಹಿಂದೆ ಪ್ರಚಾರದಲ್ಲಿದ್ದ ‘ವಿಲ್ಲಿ ದ ವೀಪರ್’ ಎಂಬ ಹಾಡಿನ ಛಾಯೆಯು ಅದರಲ್ಲಿ ಕಾಣುವುದರಿಂದ, ಹಲವು ಬಾಯಿಗಳನ್ನು ದಾಟಿ ಬಂದ ಜನಪದದ ಸ್ವತ್ತೆಂದೇ ಅದನ್ನು ಭಾವಿಸಬಹುದು. ಒಮ್ಮೆ ರೇಡಿಯೋದಲ್ಲಿ ಹಾಡುತ್ತಿರುವಾಗ ಸಾಹಿತ್ಯವು ಮರೆತುಹೋಗಿ, ಬಾಯಿಗೆ ಬಂದ ‘ಹೈ ಡಿ ಹೋ’ ಮೊದಲಾದ ಅಕ್ಷರಗಳನ್ನೇ ತಾಳಕ್ಕೆ ಹೊಂದಿಸಿ ಹಾಡಿದುದಾಗಿಯೂ, ಕೇಳುವವರು ಅದನ್ನೇ ಮೆಚ್ಚಿ ಮರುದನಿಗೊಟ್ಟುದಾಗಿಯೂ ಕ್ಯಾಲೊವೇಯೇ ಹೇಳುತ್ತಿದ್ದನು. ತಿಲ್ಲಾನದ ಜತಿಗಳನ್ನು ಬಲ್ಲವರಿಗೆ ಅರ್ಥವಿಲ್ಲದ ಅಕ್ಷರಗಳಿಂದ ರಸವು ಹುಟ್ಟುವುದೆಂಬುದು ಸೋಜಿಗವಾಗಿ ತೋರದು. ಭಜನೆಯಲ್ಲಿ ಒಬ್ಬನು ಹೇಳಿ ಮಿಕ್ಕವರು ಹಿಂದೆ ಹೇಳುವಂತೆಯೇ ಇಲ್ಲಿಯೂ ಗಾಯಕನು ಒಂದು ಸಾಲನ್ನು ಎಸೆಯುವನು. ಸಭೆಯು ಅದನ್ನು ಹಿಡಿದು ತಿರುಗಿ ಎಸೆಯುವುದು. ಗಾಯಕನು ಸಾಲನ್ನು ಕಠಿಣಗೊಳಿಸುತ್ತ ಹೋಗಿ ಕೊನೆಗೆ ಸಭೆಯು ಸೋತು ನಗುವುದು. ಬೀದಿಯ ಮಾತೆಂದು ಇತರರು ಹಗುರವಾಗಿ ಕಂಡ ಆ ನುಡಿಯನ್ನು ಕ್ಯಾಲೊವೇಯು ಹಗುರವಾಗಿ ಕಾಣಲಿಲ್ಲವೆಂಬುದಕ್ಕೆ ಆತನು 1938ರಲ್ಲಿ ಹಾರ್ಲೆಮಿನ ಗಾಯಕರ ಪದಗಳಿಗೆ ಒಂದು ನಿಘಂಟನ್ನೇ ಪ್ರಕಟಿಸಿದುದು ಸಾಕ್ಷಿ.

ಈ ಗಾಯಕನೂ ಫ್ಲೈಶರ್ ಸೋದರರೂ ಕೂಡಿಬರುವುದಕ್ಕೆ ಕಾರಣವಾದುದು ಕಲೆಯಷ್ಟೇ ಅಲ್ಲ, ವ್ಯಾಪಾರವೂ ಹೌದು. ಫ್ಲೈಶರರ ಚಿತ್ರಗಳನ್ನು ಹಂಚುತ್ತಿದ್ದುದು ಪ್ಯಾರಮೌಂಟ್ ಸಂಸ್ಥೆ. ಆ ಸಂಸ್ಥೆಗೆ ಊರೂರುಗಳಲ್ಲಿ ಸ್ವಂತ ಚಿತ್ರಮಂದಿರಗಳಿದ್ದವು. ಅವುಗಳ ವೇದಿಕೆಯ ಮೇಲೆ ವಾದ್ಯವೃಂದಗಳೂ ಬಂದು ನುಡಿಸುತ್ತಿದ್ದವು. ಗಾಯಕನು ಊರಿಗೆ ಬರುವುದಕ್ಕೆ ಮೊದಲೇ ಆತನ ಹಾಡಿರುವ ಕಾರ್ಟೂನು ಅಲ್ಲಿ ಓಡಿದರೆ ಅದೇ ಡಂಗುರವಾಗುವುದು. ಫ್ಲೈಶರರಿಗೆ ದುಬಾರಿಯಾದ ಸಂಗೀತವು ಅಗ್ಗವಾಗಿ ದೊರೆಯುವುದು. ಹೀಗೆ ಇಬ್ಬರಿಗೂ ಲಾಭವುಳ್ಳ ಒಪ್ಪಂದದಿಂದ ಲೂಯಿ ಆರ್ಮ್‌ಸ್ಟ್ರಾಂಗ್, ಡಾನ್ ರೆಡ್ಮನ್, ಮಿಲ್ಸ್ ಸೋದರರು ಮೊದಲಾದ ಕಪ್ಪು ಜನಾಂಗದ ಗಾಯಕರು ಒಬ್ಬರ ಬಳಿಕ ಒಬ್ಬರು ಈ ಹಾಸ್ಯಚಿತ್ರಗಳಿಗೆ ಬಂದರು. ಅವರಲ್ಲಿ ಮೂರು ಬಾರಿ ಬಂದು ಅತಿ ಹೆಚ್ಚಿನ ಕೀರ್ತಿಯನ್ನು ಪಡೆದವನು ಕ್ಯಾಲೊವೇ.

ಮೊದಲನೆಯ ಚಿತ್ರವು 1932ರಲ್ಲಿ ಹೊರಬಂದಿತು. ಹಾಡಿನ ಹೆಸರೇ ಚಿತ್ರಕ್ಕೂ ಹೆಸರು. ಆರಂಭದಲ್ಲಿ ಗೆರೆಯ ಚಿತ್ರವಿಲ್ಲ. ಕ್ಯಾಲೊವೇಯು ನಿಜರೂಪದಲ್ಲಿಯೇ ತನ್ನ ವಾದ್ಯಗಾರರ ಮುಂದೆ ನಿಂತು, ನೆಲಕ್ಕೆ ಕಾಲು ತಾಗಿತೋ ಇಲ್ಲವೋ ಎಂಬಂತೆ ಜಾರುತ್ತ, ತೂಗುತ್ತ ನರ್ತಿಸುವನು. ಆತನ ನರ್ತನವನ್ನು ತೋರಿಸುವ ಚಲಚ್ಚಿತ್ರಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು ಇದೇ ಎಂದು ಚಿತ್ರಚರಿತ್ರಕಾರರ ಮತ. ಬಳಿಕ ಕಥೆ ಮೊದಲಾಗುವುದು. ಬೆಟ್ಟಿಯು ಊಟ ಮಾಡಲೊಲ್ಲದೆ ತಂದೆತಾಯಿಗಳಿಂದ ಬೈಸಿಕೊಂಡು, ಬಿಂಬೋ ಎಂಬ ಗೆಳೆಯನೊಡನೆ ರಾತ್ರಿ ಮನೆಬಿಟ್ಟು ಓಡುವಳು. ತಂದೆಯ ಮಾತು ಯೂರೋಪಿನಿಂದ ವಲಸೆ ಬಂದವರ ಒರಟು ಉಚ್ಚಾರಣೆಯದು. ದಾರಿ ತಪ್ಪಿದ ಇಬ್ಬರೂ ಒಂದು ಕತ್ತಲೆಯ ಗವಿಯನ್ನು ಹೊಗುವರು. ಅಲ್ಲಿ ವಾಲ್‌ರಸ್ಸೆಂಬ, ಉದ್ದನೆಯ ಕೋರೆಹಲ್ಲುಗಳ ಕಡಲಪ್ರಾಣಿಯ ಪ್ರೇತವೊಂದು ಎದುರು ನಿಂತು ಮಿನ್ನಿಯ ಹಾಡನ್ನು ಹಾಡತೊಡಗುವುದು. ಕಂಠವು ಕ್ಯಾಲೊವೇಯದು, ರೋಟೋಸ್ಕೋಪಿನ ಬಲದಿಂದ ಜಾರುವ ನಡಿಗೆಯೂ, ಸೊಂಟದ ಬಳುಕೂ, ಕೈಗಳ ಬೀಸೂ ಆತನವೇ. ಸುತ್ತಲೂ ಅಸ್ಥಿಪಂಜರಗಳು ಮದ್ಯ ಕುಡಿಯುವುವು. ಸೆರೆಯಾಳುಗಳ ಪ್ರೇತಗಳು ವಿದ್ಯುತ್ತಿನ ಮರಣಪೀಠದ ಮೇಲೆ ಕುಳಿತು ಎದ್ದುಬರುವುವು. ಕೊನೆಗೆ ಹುಡುಗಿಯು ಹೆದರಿ ಓಡಿಬಂದು ಮನೆಯ ಹಾಸಿಗೆಯೊಳಗೆ ಅಡಗುವಳು.

ತನ್ನ ನರ್ತನವು ಈ ಪ್ರೇತದ ಮೈಯಲ್ಲಿ ಕಾಣಿಸಿದುದನ್ನು ಮೊದಲ ಬಾರಿ ನೋಡಿದ ಕ್ಯಾಲೊವೇಯು ನಗು ತಡೆಯಲಾರದೆ ನೆಲದ ಮೇಲೆ ಬಿದ್ದು ಹೊರಳಾಡಿದನೆಂದು ಒಂದು ಕಥೆಯುಂಟು. ಹಾಗಿದ್ದಲ್ಲಿ ಅದು ಕಲಾವಿದನ ದೊಡ್ಡ ಮನಸ್ಸಿಗೆ ಗುರುತು. ಆದರೆ ಚಿತ್ರದ ಒಳಗಣ ಕಟ್ಟನ್ನು ಗಮನಿಸುವವರಿಗೆ ಇನ್ನೊಂದು ಅಂಶವೂ ತೋರದಿರದು. ವಲಸೆ ಬಂದ ಬಿಳಿಯರ ಮನೆಯ ಹುಡುಗಿ ರಾತ್ರಿ ಮನೆಯನ್ನು ಬಿಟ್ಟು, ಕತ್ತಲೆಯ ಎಡೆಯೊಂದಕ್ಕೆ ಹೋಗಿ, ಅಲ್ಲಿಯ ಗಾನವನ್ನು ಕೇಳಿ ಮೈಮರೆತು, ಮೈನಡುಗಿ, ಬೆಳಗಾಗುವುದರೊಳಗೆ ಮನೆಗೆ ಮರಳುವಳು. ಕಾಟನ್ ಕ್ಲಬ್ಬಿಗೆ ಹೋಗುತ್ತಿದ್ದ ಪ್ರೇಕ್ಷಕರ ನಡೆಯೂ ಇದೇ ಅಲ್ಲವೆ? ಅವರೂ ರಾತ್ರಿಯ ಹೊತ್ತು ಹಾರ್ಲೆಮಿಗೆ ಹೋಗಿ, ಹಾಡು ಕೇಳಿ, ಸ್ವಲ್ಪ ಭಯವನ್ನೂ ಬಹಳ ಸುಖವನ್ನೂ ಅನುಭವಿಸಿ, ತಮ್ಮ ತಮ್ಮ ಮನೆಗಳಿಗೆ ಮರಳುತ್ತಿದ್ದರು. ಗವಿಯಲ್ಲಿ ಹಾಡಿದವನು ಮಾತ್ರ ಗವಿಯಲ್ಲಿಯೇ ಉಳಿಯುತ್ತಿದ್ದನು.

ಎರಡನೆಯದು 1933ರ ಮಾರ್ಚ್ ತಿಂಗಳ ‘ಸ್ನೋ ವೈಟ್’. ಡಿಸ್ನಿಯ ಹೆಸರಾಂತ ದೊಡ್ಡ ಚಿತ್ರಕ್ಕಿಂತ ಇದು ನಾಲ್ಕು ವರ್ಷ ಹಿಂದಿನದು. ರೋಲಂಡ್ ಕ್ರ್ಯಾಂಡಾಲನೆಂಬ ಚಿತ್ರಗಾರನು ಸುಮಾರು ಆರು ತಿಂಗಳು ಒಬ್ಬನೇ ಕುಳಿತು ಇದರ ಬೊಂಬೆಗಳನ್ನು ಬರೆದನು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಏಳು ನಿಮಿಷಗಳ ಚಿತ್ರಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಚೌಕಟ್ಟುಗಳಾಗುವುವೆಂಬುದನ್ನು ನೆನೆದರೆ ಆ ಶ್ರಮವು ಎಷ್ಟೆಂಬುದು ಅರಿವಾಗುವುದು. ಅಸೂಯೆಗೊಂಡ ರಾಣಿಯು ಬೆಟ್ಟಿಯನ್ನು ಕೊಲ್ಲಲು ಆಜ್ಞಾಪಿಸುವಳು. ಬೆಟ್ಟಿಯು ಹಿಮದ ನೀರಿಗೆ ಬಿದ್ದು ಮಂಜಿನ ಪೆಟ್ಟಿಗೆಯಲ್ಲಿ ಸೆರೆಯಾಗುವಳು. ಏಳು ಮಂದಿ ಕುಬ್ಜರು ಅದನ್ನು ಹೊತ್ತು ಗವಿಯೊಂದಕ್ಕೆ ಒಯ್ಯುವರು. ಶವಯಾತ್ರೆಯಂತಿರುವ ಈ ಮೆರವಣಿಗೆಯಲ್ಲಿ ಕೋಕೋ ವಿದೂಷಕನು ‘ಸೇಂಟ್ ಜೇಮ್ಸ್ ಇನ್ಫರ್ಮರಿ’ ಎಂಬ ಶೋಕಗೀತೆಯನ್ನು ಕ್ಯಾಲೊವೇಯ ಕಂಠದಿಂದ ಹಾಡುವನು. ರಾಣಿಯ ಮಾಯಾಕನ್ನಡಿಯಿಂದ ಆತನು ನೀಳಗಾಲಿನ ಬಿಳಿಯ ಪ್ರೇತವಾಗಿ ಮಾರ್ಪಡುವನು. ಹಾಡಿನಲ್ಲಿ ಗಡಿಯಾರದ ಸರಪಣಿಯ ಚಿನ್ನದ ನಾಣ್ಯದ ಮಾತು ಬಂದಾಗ ಪ್ರೇತವೇ ನಾಣ್ಯವಾಗಿ ತೂಗುವುದು. ಮದ್ಯದ ಮಾತು ಬಂದಾಗ ಪ್ರೇತವೇ ಸೀಸೆಯಾಗುವುದು. ಆದರೂ ಕಾಲಿನ ನಡೆಯು ತಾಳವನ್ನು ಬಿಡದು. ಹಾಸ್ಯಕ್ಕೂ ಕರುಣಕ್ಕೂ ಸಾಮಾನ್ಯವಾಗಿ ವಿರೋಧವನ್ನೇ ಹೇಳುವುದುಂಟು. ಸಾವಿನ ಹಾಡೊಂದನ್ನು ವಿದೂಷಕನ ಬಾಯಲ್ಲಿಟ್ಟೂ ಅದರ ಶೋಕವನ್ನು ಕೆಡಿಸದೆ, ನಗುವನ್ನೂ ಬತ್ತಿಸದೆ ನಡೆಸಿರುವ ಈ ಭಾಗವು ಆ ವಿರೋಧಕ್ಕೆ ಒಂದು ಅಪವಾದವಾಗಿ ನಿಂತಿದೆ.

ಮೂರನೆಯದಾದ ‘ದಿ ಓಲ್ಡ್ ಮ್ಯಾನ್ ಆಫ್ ದ ಮೌಂಟನ್’ ಅದೇ ವರ್ಷದ ಆಗಸ್ಟಿನದು. ಇದರಲ್ಲಿಯೂ ಮೊದಲಲ್ಲಿ ಕ್ಯಾಲೊವೇಯೂ ಆತನ ತಂಡವೂ ನಿಜರೂಪದಲ್ಲಿ ಕಾಣುವರು. ಬೆಟ್ಟದ ಮೇಲಿನ ಭಯಂಕರ ಮುದುಕನಿಗೆ ಹೆದರಿ ಪ್ರಾಣಿಗಳೆಲ್ಲ ಓಡಿಬರುತ್ತಿರಲು, ಬೆಟ್ಟಿಯು ಅವನನ್ನು ನೋಡಿಯೇ ತೀರುವೆನೆಂದು ಬೆಟ್ಟವನ್ನು ಏರುವಳು. ಮುದುಕನ ಕಂಠವೂ ಕುಣಿತವೂ ಕ್ಯಾಲೊವೇಯವು. ಅವನು ಆಕೆಯ ಬೆನ್ನಟ್ಟುವನು. ಕಡೆಗೆ ಪ್ರಾಣಿಗಳು ಕೂಡಿಬಂದು ಅವನಿಗೆ ಶಾಸ್ತಿ ಮಾಡುವುವು.

ಈ ಮೂರು ಚಿತ್ರಗಳಲ್ಲಿ ಗಾಯಕನಿಗೆ ದೊರೆತ ಆಕಾರಗಳು ಎರಡು ಪ್ರೇತಗಳು, ಒಬ್ಬ ದುಷ್ಟ ಮುದುಕ. ದೊರೆತ ಸ್ಥಳಗಳು ಗವಿ, ಗವಿ, ಬೆಟ್ಟ. ಅದೇ ಕಾಲದಲ್ಲಿ ಡಾನ್ ರೆಡ್ಮನ್ನನ ಸಂಗೀತಕ್ಕೆ ದೊರೆತುದು ಕಲ್ಲಿದ್ದಲಿನ ಗಣಿ. ಆರ್ಮ್‌ಸ್ಟ್ರಾಂಗನಿಗೆ ದೊರೆತುದು ಇನ್ನೂ ಕೀಳಾದುದು. 1932ರ ಚಿತ್ರವೊಂದರಲ್ಲಿ ಬೆಟ್ಟಿಯು ಕಾಡಿನ ನರಭಕ್ಷಕರ ಕೈಗೆ ಸಿಕ್ಕುವಳು. ಆಕೆಯ ಗೆಳೆಯರನ್ನು ಅಟ್ಟಿಸಿಕೊಂಡು ಬರುವ ಕಾಡುಮನುಷ್ಯನ ತಲೆಯು ಆಕಾಶದಲ್ಲಿ ತೇಲುತ್ತ ಆರ್ಮ್‌ಸ್ಟ್ರಾಂಗನ ನಿಜವಾದ ತಲೆಯಾಗಿ ಮಾರ್ಪಟ್ಟು ಹಾಡುವುದು. ಚಿತ್ರದ ಆರಂಭದಲ್ಲಿ ಮಾತ್ರ ಅದೇ ಮಹಾನುಭಾವನು ತನ್ನ ತಂಡದೊಡನೆ ನಿಂತು ತುತ್ತೂರಿಯನ್ನು ಊದುತ್ತಿರುವನು. ಆರಂಭದಲ್ಲಿ ಮನುಷ್ಯ, ಕಥೆಯಲ್ಲಿ ರಾಕ್ಷಸ! ಎರಡೂ ಒಂದೇ ಸುರುಳಿಯಲ್ಲಿವೆ. ನೋಡುವವರಿಗೆ ಅದರಲ್ಲಿ ಅಸಂಗತವಾದುದೇನೂ ಅಂದು ತೋರಲಿಲ್ಲ.

ಶಂಕರಾಚಾರ್ಯರು ಅಮರುಕನೆಂಬ ರಾಜನ ದೇಹವನ್ನು ಹೊಕ್ಕ ಕಥೆಯನ್ನು ವಾಚಕರು ಬಲ್ಲರು. ಆಗ ಆಚಾರ್ಯರ ಸ್ವಂತ ದೇಹವನ್ನು ಶಿಷ್ಯರು ಗುಹೆಯೊಂದರಲ್ಲಿ ಕಣ್ಣಿಗೆ ಕಣ್ಣಿಟ್ಟು ಕಾಯುತ್ತಿದ್ದರು. ಕಾಯುವವರಿಲ್ಲದಿದ್ದರೆ ಮರಳಿ ಬರುವುದಕ್ಕೆ ಎಡೆಯೇ ಇರುತ್ತಿರಲಿಲ್ಲ. ಕ್ಯಾಲೊವೇಯದೂ ಒಂದು ಬಗೆಯ ಪರಕಾಯಪ್ರವೇಶವೇ. ಆತನ ಉಸಿರೂ ನಡೆಯೂ ಗೆರೆಯ ಪ್ರೇತದೊಳಗೆ ಹೊಕ್ಕು ಅದನ್ನು ಜೀವಂತವಾಗಿ ಮಾಡಿದುವು. ಆದರೆ ಹೊರಗುಳಿದ ಮನುಷ್ಯನನ್ನು ಕಾಯುವವರಾರೂ ಇರಲಿಲ್ಲ. ಚಿತ್ರಮಂದಿರದಲ್ಲಿ ಆತನ ಪ್ರೇತಕ್ಕೆ ಚಪ್ಪಾಳೆ ತಟ್ಟಿದ ಊರಿನಲ್ಲಿಯೇ ಆತನ ವಾದ್ಯಗಾರರಿಗೆ ತಂಗುವ ಮನೆ ದೊರೆಯದಿರುವುದೂ ಅಂದು ಅಪೂರ್ವವಾಗಿರಲಿಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ಉಪಾಹಾರಗೃಹಗಳೂ ರೈಲುಬಂಡಿಗಳೂ ವರ್ಣದ ಮೇಲೆ ವಿಂಗಡವಾಗಿದ್ದವು. ಆ ಕಾನೂನುಗಳು ಮುರಿದುಬಿದ್ದುದು 1964ರ ನಾಗರಿಕ ಹಕ್ಕುಗಳ ಶಾಸನದ ತರುವಾಯವೇ.

ಕಂಠವು ಯಾರ ಸ್ವತ್ತು ಎಂಬ ಪ್ರಶ್ನೆಯು ಇದೇ ಬೆಟ್ಟಿ ಬೂಪಳ ವಿಷಯವಾಗಿ ನ್ಯಾಯಾಲಯವನ್ನೂ ಏರಿತು. ಹೆಲೆನ್ ಕೇನ್ ಎಂಬ ಬಿಳಿಯ ಗಾಯಕಿಯು, ಬೆಟ್ಟಿಯ ರೂಪವೂ ಎಳೆದನಿಯ ಹಾಡಿನ ರೀತಿಯೂ ತನ್ನಿಂದ ಕದ್ದವೆಂದು 1932ರಲ್ಲಿ ಫ್ಲೈಶರನ ಮೇಲೆಯೂ ಪ್ಯಾರಮೌಂಟಿನ ಮೇಲೆಯೂ 2,50,000 ಡಾಲರುಗಳಿಗೆ ದಾವೆ ಹೂಡಿದಳು. 1934ರಲ್ಲಿ ವಿಚಾರಣೆ ನಡೆದಾಗ ಪ್ರತಿವಾದಿಗಳು ಒಂದು ಅನಿರೀಕ್ಷಿತವಾದ ಸಾಕ್ಷ್ಯವನ್ನು ಮುಂದಿಟ್ಟರು. ಬೇಬಿ ಎಸ್ತರ್ ಎಂಬ ಕಪ್ಪು ಜನಾಂಗದ ಎಳೆಯ ಗಾಯಕಿಯು ಅರ್ಥವಿಲ್ಲದ ಅಕ್ಷರಗಳನ್ನು ನಡುನಡುವೆ ಸೇರಿಸಿ ಹಾಡುವ ರೀತಿಯನ್ನು ಮೊದಲೇ ರೂಢಿಸಿಕೊಂಡಿದ್ದಳೆಂದೂ, ಹೆಲೆನ್ ಕೇನಳು ಆಕೆಯ ಹಾಡನ್ನು ಕೇಳಿದ್ದಳೆಂದೂ ಆಕೆಯ ವ್ಯವಸ್ಥಾಪಕನು ಹೇಳಿದನು. ಎಸ್ತರಳು ಹಾಡಿದ ಚಲಚ್ಚಿತ್ರವೊಂದನ್ನೂ ತೋರಿಸಲಾಯಿತು. ನ್ಯಾಯಾಧೀಶನು ವಾದಿಯ ಹಕ್ಕು ಸ್ಥಾಪಿತವಾಗಲಿಲ್ಲವೆಂದು ದಾವೆಯನ್ನು ವಜಾಮಾಡಿದನು. ಫ್ಲೈಶರನು ಗೆದ್ದನು, ಕೇನಳು ಸೋತಳು, ಯಾರ ಹೆಸರಿನಿಂದ ಮೊಕದ್ದಮೆಯು ತಿರುಗಿತೋ ಆ ಎಸ್ತರಳಿಗೆ ಒಂದು ಕಾಸೂ ಬರಲಿಲ್ಲ. ಆಕೆಯ ಕಂಠವು ಸಾಕ್ಷ್ಯಕ್ಕೆ ಬೇಕಾಯಿತು. ಆಕೆಗೆ ಅದರಲ್ಲಿ ಪಾಲುಂಟೇ ಎಂದು ಕೇಳಿದವರಿಲ್ಲ.

ಅದೇ 1934ರ ಜುಲೈ ತಿಂಗಳಿನಿಂದ ಚಿತ್ರಗಳ ಶೀಲಸಂಹಿತೆಯು ಬಿಗಿಯಾಗಿ ಜಾರಿಗೆ ಬಂದಿತು. ಬೆಟ್ಟಿಯ ಉಡುಪು ಉದ್ದವಾಯಿತು. ಪ್ರೇತಗಳೂ ಗವಿಗಳೂ ಜಾಜ್ ಸಂಗೀತದ ಹುಚ್ಚುಹೊಳೆಯೂ ಮರೆಯಾದುವು. 1939ರಲ್ಲಿ ಆಕೆಯ ಚಿತ್ರಮಾಲೆಯೇ ಕೊನೆಗೊಂಡಿತು. 1942ರ ವೇಳೆಗೆ ಫ್ಲೈಶರ್ ಸೋದರರ ಕೈಯಿಂದ ಅವರ ಕಾರ್ಯಾಲಯವೂ ತಪ್ಪಿ ಪ್ಯಾರಮೌಂಟಿನ ವಶವಾಯಿತು. ಹಾರ್ಲೆಮಿನ ಕಾಟನ್ ಕ್ಲಬ್ಬು 1936ರಲ್ಲಿ ಅಲ್ಲಿಂದ ಎದ್ದು ನಗರದ ನಡುಭಾಗಕ್ಕೆ ಹೋಗಿ, 1940ರಲ್ಲಿ ಬಾಗಿಲು ಹಾಕಿತು.

ನಿಜವಾದ ಗಾಯಕರನ್ನು ಗೆರೆಯ ಹಾಸ್ಯಕ್ಕೆ ಕರೆತರುವ ಪದ್ಧತಿಯು ಇಷ್ಟಕ್ಕೆ ನಿಲ್ಲಲಿಲ್ಲ. ಆದರೆ ಅದರ ಮುಖವು ಬದಲಾಯಿತು. 1965ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಬೀಟಲ್ಸ್ ತಂಡದ ಕಾರ್ಟೂನುಮಾಲೆ ಮೊದಲಾದಾಗ ಹಾಡುಗಳು ಮಾತ್ರ ಅವರವು; ಮಾತುಗಳನ್ನು ಪಾಲ್ ಫ್ರೀಸ್, ಲ್ಯಾನ್ಸ್ ಪರ್ಸಿವಲ್ ಎಂಬ ಇಬ್ಬರು ನಟರು ಆಡಿದರು. ಕ್ಯಾಲೊವೇಯ ಕಂಠವಿದ್ದು ಮುಖವಿರಲಿಲ್ಲ. ಇವರ ಮುಖವಿದ್ದು ಮಾತಿನ ಕಂಠವಿರಲಿಲ್ಲ. ‘ದ ಸಿಂಪ್ಸನ್ಸ್’ ಎಂಬ ಹಾಸ್ಯಮಾಲೆಗೆ ಅದೇ ತಂಡದ ರಿಂಗೋ ಸ್ಟಾರನು 1991ರಲ್ಲಿ, ಜಾರ್ಜ್ ಹ್ಯಾರಿಸನನು 1993ರಲ್ಲಿ, ಪಾಲ್ ಮೆಕಾರ್ಟ್ನಿಯು 1995ರಲ್ಲಿ ಬಂದಾಗ ಅವರು ತಮ್ಮ ರೂಪದಲ್ಲಿಯೇ ಬಂದು, ತಮ್ಮ ಕಂಠದಿಂದಲೇ ಮಾತನಾಡಿದರು. ಮೆಕಾರ್ಟ್ನಿಯಂತೂ ಒಂದು ಷರತ್ತನ್ನೇ ಹಾಕಿದನು: ಆ ಕಂತಿನಲ್ಲಿ ಮಾಂಸಾಹಾರವನ್ನು ಬಿಡುವ ಲೀಸಾ ಎಂಬ ಹುಡುಗಿಯು ಮುಂದೆಯೂ ಎಂದೆಂದಿಗೂ ಶಾಕಾಹಾರಿಯಾಗಿಯೇ ಉಳಿಯಬೇಕು. ಮಾಡುವವರು ಒಪ್ಪಿದರು, ಆ ಮಾತು ನಡೆದುಬಂದಿದೆ. ಅತಿಥಿಯು ಮನೆಯವರಿಗೆ ಷರತ್ತು ಹಾಕಬಲ್ಲನೆಂಬುದೇ ಆರು ದಶಕಗಳಲ್ಲಿ ಆದ ಬದಲಾವಣೆಯ ಅಳತೆ. 1932ರಲ್ಲಿ ಕ್ಯಾಲೊವೇಯು ತನ್ನ ಪ್ರೇತವು ಗವಿಯಿಂದ ಹೊರಗೆ ನಿಲ್ಲಬೇಕೆಂದು ಕೇಳುವ ಕಾಲವಾಗಿರಲಿಲ್ಲ.

ಹೀಗೆಂದು ಆ ಮೂರು ಚಿತ್ರಗಳನ್ನು ತಳ್ಳಿಹಾಕುವುದು ನ್ಯಾಯವಾಗಲಾರದು. ರೋಟೋಸ್ಕೋಪು ಕುರುಡು ಯಂತ್ರ. ಅದಕ್ಕೆ ಬಿಳುಪು ಕಪ್ಪುಗಳ ಭೇದವಿಲ್ಲ. ಚಿತ್ರಗಾರನು ಮುಖವನ್ನು ಬದಲಾಯಿಸಬಲ್ಲವನಾದರೂ ಕಾಲಿನ ನಡೆಯನ್ನು ಬದಲಾಯಿಸಿದರೆ ಹಾಸ್ಯವೇ ಕೆಡುತ್ತಿದ್ದುದರಿಂದ ಅದನ್ನು ಹಾಗೆಯೇ ಕಾಯ್ದುಕೊಳ್ಳಬೇಕಾಯಿತು. ಹಿಂದಕ್ಕೆ ಜಾರುತ್ತ ಮುಂದೆ ನಡೆದಂತೆ ತೋರುವ ಆ ನಡಿಗೆಯನ್ನು ಹೋಲುವುದನ್ನು 1983ರಲ್ಲಿ ಮೈಕೆಲ್ ಜಾಕ್ಸನ್ನನು ತೋರಿಸಿದಾಗ ಲೋಕವೆಲ್ಲ ಬೆರಗಾಯಿತು. ಹಾರ್ಲೆಮಿನ ಹಳಬರಿಗೆ ಅದು ಹೊಸದಾಗಿರಲಿಲ್ಲ. ಸಂಗೀತಕ್ಕೆ ಧ್ವನಿಮುದ್ರಿಕೆಯುಂಟು, ಕಾವ್ಯಕ್ಕೆ ಓಲೆಯುಂಟು. ನರ್ತನವು ನರ್ತಕನ ಮೈಯೊಡನೆಯೇ ಅಳಿಯತಕ್ಕದ್ದು. ಕ್ಯಾಲೊವೇಯ ಇಪ್ಪತ್ತನಾಲ್ಕನೆಯ ವಯಸ್ಸಿನ ನರ್ತನವು ಹಾಗೆ ಅಳಿಯದೆ ಉಳಿದುದಕ್ಕೆ ಈ ನಗೆಚಿತ್ರಗಳಿಗೆ ಬಹುಮಟ್ಟಿಗೆ ಋಣಿಯಾಗಬೇಕು.

ಗಾಯಕನು ಸ್ವತಃ ತನ್ನ ಪ್ರೇತಕ್ಕಿಂತ ಹೆಚ್ಚು ಕಾಲ ವೇದಿಕೆಯ ಮೇಲೆ ನಿಂತನು. ಡಿಸ್ಕೊ ಎಂಬ ನರ್ತನಸಂಗೀತವು ಎಲ್ಲೆಲ್ಲಿಯೂ ಹಬ್ಬಿದ್ದ 1978ರಲ್ಲಿ ಎಪ್ಪತ್ತು ವರ್ಷದ ಆತನು ಮಿನ್ನಿಯ ಹಾಡನ್ನೇ ಡಿಸ್ಕೊ ತಾಳಕ್ಕೆ ಹೊಂದಿಸಿ ಮತ್ತೆ ಮುದ್ರಿಸಿದನು. 1980ರ ‘ದ ಬ್ಲೂಸ್ ಬ್ರದರ್ಸ್’ ಚಿತ್ರದಲ್ಲಿ ಅದೇ ಹಾಡನ್ನು ಹಳೆಯ ರೀತಿಯಲ್ಲಿ, ಬಿಳಿಯ ಉಡುಪನ್ನು ತೊಟ್ಟು, ತನ್ನ ಸ್ವಂತ ಮುಖದಿಂದ ಹಾಡಿದನು. ಅಜ್ಜಂದಿರ ಕಾಲದ ಆ ಹಾಡಿಗೆ ಮೊಮ್ಮಕ್ಕಳು ಮರುದನಿಗೊಟ್ಟರು. 1993ರಲ್ಲಿ ಅಮೆರಿಕದ ಅಧ್ಯಕ್ಷನ ಕೈಯಿಂದ ಆತನಿಗೆ ರಾಷ್ಟ್ರೀಯ ಕಲಾಪದಕವು ದೊರೆಯಿತು. ಮರುವರ್ಷ ನವೆಂಬರ್ 18ರಂದು ಆತನು ತೀರಿಕೊಂಡನು. ಅದೇ 1994ರಲ್ಲಿ, ಕೋಕೋ ವಿದೂಷಕನ ಮೈಯಲ್ಲಿ ಆತನು ಹಾಡಿ ಕುಣಿದ ‘ಸ್ನೋ ವೈಟ್’ ಚಿತ್ರವನ್ನು ಆ ದೇಶವು ಕಾಪಾಡತಕ್ಕ ಚಲಚ್ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು. ಗವಿಯೊಳಗಿನ ಪ್ರೇತಕ್ಕೆ ಕಾವಲುಗಾರರು ದೊರೆತರು. ಈಗ ಆ ಚಿತ್ರವನ್ನು ನೋಡುವವರು ನಗುವರು, ನಗಬೇಕಾದುದೂ ಸರಿಯೇ. ಆ ನಗುವಿನ ನಡುವೆ, ನೀಳಗಾಲಿನ ಆ ಬಿಳಿಯ ಪ್ರೇತದೊಳಗೆ ಕುಣಿಯುತ್ತಿರುವವನು ಯಾರೆಂದು ಒಂದು ಬಾರಿ ಕೇಳಿಕೊಂಡರೆ, ಅಂದಿನ ಪ್ರೇಕ್ಷಕರು ಸಲ್ಲಿಸದೆ ಉಳಿಸಿದ ಸಾಲವು ಸ್ವಲ್ಪಮಟ್ಟಿಗಾದರೂ ಸಂದಂತಾಗುವುದು.